ಅಜ್ಜಿಯ ಸೋಬಾನೆ ಪದಕ್ಕೆ ಅರವತ್ತು ಸಾವಿರದ ಪ್ರೀಆಂಪ್ ಬೇಕಾ?

ಹೆಂಚಿನ_ಮನೆ
ಎಲ್ಲರಿಗೂ ನಮಸ್ಕಾರ. ಆಲ್ದೂರಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ, ಹಳೇ ಹೆಂಚಿನ ಮನೆ. ಅಜ್ಜಿಗೆ ಎಂಬತ್ತು ದಾಟಿದೆ. ಅವರಿಗೆ ಬರುವ ಸೋಬಾನೆ ಪದ, ಬೀಸುವ ಪದ ಎಲ್ಲವನ್ನೂ ರೆಕಾರ್ಡ್ ಮಾಡಿಡಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ಈ ಬೇಸಿಗೆಯಲ್ಲಿ ಕೊನೆಗೂ ಶುರು ಮಾಡಿದೆ.

ಮೈಕ್ ಶೂರ್ ಎಸ್‌ಎಂ7ಬಿ. ನಾನು ತಗೊಂಡಿದ್ದಲ್ಲ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಪಾಡ್‌ಕಾಸ್ಟ್ ಮಾಡುತ್ತೇನೆ ಅಂತ ತಂದ, ಮೂರು ಕಂತಿಗೆ ಸುಸ್ತಾದ, ನನಗೆ ಕೊಟ್ಟ. ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಇಂಟರ್ಫೇಸ್ ಮಾತ್ರ ನಂದೇ. ಎರಡು ಇನ್‌ಪುಟ್ಟಿನ ಅಗ್ಗದ ಡಬ್ಬಿ. ಮೈಕಿನ ಸಣ್ಣ ದನಿಯನ್ನು ಏರಿಸುವ ಪ್ರೀಆಂಪ್ ಅದರೊಳಗೇ ಇದೆ, ಗೇನ್ (ಅಂದರೆ ಎಷ್ಟು ಏರಿಸುತ್ತದೆ ಅನ್ನುವುದು) 56 ಡೆಸಿಬೆಲ್, ಡಿಬಿ ತನಕ ಬರುತ್ತದೆ. ಗುಂಡಿ ಪೂರ್ತಿ ತಿರುಗಿಸಿದರೂ ಅಜ್ಜಿಯ ದನಿ ಸಣ್ಣಗೇ ಬರುತ್ತದೆ. ಆಮೇಲೆ ಸಾಫ್ಟ್‌ವೇರಿನಲ್ಲಿ ಏರಿಸಿದರೆ ಹಿಂದೆ ‘ಸ್ಸ್ಸ್’ ಅನ್ನುವ ಸದ್ದು, ಒಲೆ ಮೇಲೆ ಎಣ್ಣೆ ಕಾದ ಹಾಗೆ.

ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದೆ. “ಆ ಡಬ್ಬಿಯಲ್ಲಿರೋದು ಪ್ರೀಆಂಪೇ ಅಲ್ಲ ಸಾರ್, ಒಳ್ಳೇದು ಹಾಕಿ, ಅರವತ್ತು ಸಾವಿರದಿಂದ ಶುರು” ಅಂದರು. ಕಾಫಿ ದುಡ್ಡು ಬಂದಿದೆ, ಕೈಯಲ್ಲಿ ಸ್ವಲ್ಪ ಇದೆ. ತಗೋಬಹುದಾ? ಅಷ್ಟು ವ್ಯತ್ಯಾಸ ನಿಜವಾಗಿ ಕೇಳಿಸುತ್ತಾ?

ಕಡೂರು_ಎಕ್ಸ್‌ಪ್ರೆಸ್
ತಗೋಬೇಡಿ. ಮುಂದಿನ ಪ್ರಶ್ನೆ.

ಸಾಲಗಾಮೆ_ಸೌಂಡ್
ಕಡೂರಿನವರು ಹಾಗೇ. ಕೇಳದೆ ತೀರ್ಪು.

ನಾನು ಹಾಸನದಲ್ಲಿ ಸಾಲಗಾಮೆ ರಸ್ತೆಯ ಪಕ್ಕ ಮನೆಯಲ್ಲೇ ಒಂದು ರೂಮಿನ ಸ್ಟುಡಿಯೋ ಮಾಡಿಕೊಂಡಿದ್ದೇನೆ. ಮೊದಲು ಅಗ್ಗದ ಇಂಟರ್ಫೇಸ್, ಈಗ ನೀವ್ ಕಂಪನಿಯ 1073 ಮಾದರಿಯ ಪ್ರೀಆಂಪ್. ಅಸಲಿ ಅಲ್ಲ, ಅದರ ನಕಲು. ಅಸಲಿಗೆ ಲಕ್ಷಗಳು ಬೇಕು. ವ್ಯತ್ಯಾಸ ಇದೆ, ಖಂಡಿತ ಇದೆ. ಒಂದು ದನಿ ಮಾತ್ರ ಕೇಳಿದಾಗ ಅಷ್ಟು ಗೊತ್ತಾಗುವುದಿಲ್ಲ. ಹತ್ತು ಹನ್ನೆರಡು ಟ್ರ್ಯಾಕ್ ಒಂದರ ಮೇಲೊಂದು ಕೂತಾಗ ಗೊತ್ತಾಗುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಪ್ರೀಆಂಪಿಗೆ ಒಂದು ಮೈಕಟ್ಟು ಇರುತ್ತದೆ. ದನಿ ದಪ್ಪಗಾಗುತ್ತದೆ, ಮುಂದೆ ಬಂದು ನಿಲ್ಲುತ್ತದೆ. 1970ರಲ್ಲಿ ಬಂದ ವಿನ್ಯಾಸವನ್ನು ಜಗತ್ತು ಇವತ್ತಿಗೂ ನಕಲು ಮಾಡುತ್ತಿದೆ ಅಂದರೆ ಸುಮ್ನೆನಾ?

ಅರ್ಧ_ಕಪ್
ಸಾರ್, ಅವರು ಹಾಡುವುದು ಒಬ್ಬರೇ ಅಜ್ಜಿ. ಹನ್ನೆರಡು ಟ್ರ್ಯಾಕ್ ಎಲ್ಲಿಂದ ಬರಬೇಕು?

ಕಡೂರು_ಎಕ್ಸ್‌ಪ್ರೆಸ್
ಹಾಸನದವರು ಆಲೂಗಡ್ಡೆ ಮಾರಿದ ದುಡ್ಡಲ್ಲಿ ನೀವ್ ತಗೋತಾರೆ, ನಾವು ಕೊಬ್ಬರಿ ಮಾರಿ ಕೇಬಲ್ ತಗೋತೀವಿ. ಅಷ್ಟೇ ವ್ಯತ್ಯಾಸ.

ರೆಸಿಸ್ಟರ್_ರಾಮಣ್ಣ
ಸ್ವಲ್ಪ ಲೆಕ್ಕ ಹಾಕೋಣ. ಯಾರೂ ಹಾಕುವುದಿಲ್ಲ, ಬರೀ ‘ಮೈಕಟ್ಟು’ ಅನ್ನುತ್ತಾರೆ.

ಯಾವ ಪ್ರೀಆಂಪಿನ ಸದ್ದಿಗೂ ಒಂದು ತಳ ಇದೆ. ಮೈಕಿನೊಳಗಿನ ಸುರುಳಿಗೇ ಶಾಖದಿಂದ ಹುಟ್ಟುವ ಸದ್ದು ಇರುತ್ತದೆ. ಅದಕ್ಕೆ ಸಮನಾದ 150 ಓಮ್ ರೆಸಿಸ್ಟರ್ ಒಂದನ್ನು ಸುಮ್ಮನೆ ಮೇಜಿನ ಮೇಲಿಟ್ಟರೂ ಅದರ ಸದ್ದು ಸುಮಾರು ಮೈನಸ್ 131 ಡಿಬಿಯು (ವೋಲ್ಟೇಜ್ ಮಟ್ಟದ ಅಳತೆ ಅದು, ಮೈನಸ್ ದೊಡ್ಡದಾದಷ್ಟೂ ಸದ್ದು ಕಮ್ಮಿ). ಇದಕ್ಕಿಂತ ಕೆಳಗೆ ಹೋಗಲು ಯಾವ ಕಂಪನಿಗೂ ಆಗುವುದಿಲ್ಲ. ಅದು ಭೌತಶಾಸ್ತ್ರ, ಬ್ರ್ಯಾಂಡ್ ಅಲ್ಲ.

ಈಗ ಅಗ್ಗದ್ದನ್ನು ನೋಡಿ. ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ ಇಂಟರ್ಫೇಸ್, ಮೂರನೇ ತಲೆಮಾರಿನದು, ಕೊಡುವ ಲೆಕ್ಕ ಮೈನಸ್ 128. ದುಬಾರಿಯದು, ಅಸಲಿ ನೀವ್ 1073, 60 ಡಿಬಿ ಗೇನಿನಲ್ಲಿ ಕೊಡುವ ಲೆಕ್ಕ ಮೈನಸ್ 125. ಓದಿದ್ದು ಸರಿಯಾಗಿಯೇ ಇದೆ. ಸದ್ದಿನ ಲೆಕ್ಕದಲ್ಲಿ ದುಬಾರಿಯದು ಮುಂದೆ ಇಲ್ಲ.

ಎಸ್‌ಎಂ7ಬಿ ತುಂಬಾ ಮೆತ್ತಗಿನ ಮೈಕ್. 94 ಡಿಬಿ ಸದ್ದು ಕೊಟ್ಟರೆ 1.12 ಮಿಲಿವೋಲ್ಟ್ ಕೊಡುತ್ತದೆ, ಅಂದರೆ ಸುಮಾರು ಮೈನಸ್ 57 ಡಿಬಿಯು. 128ರಲ್ಲಿ 57 ಕಳೆದರೆ 71. 94ರಲ್ಲಿ 71 ಕಳೆದರೆ 23. ಅಂದರೆ ಕೋಣೆಯಲ್ಲಿ 23 ಡಿಬಿ ಸದ್ದು ಇದ್ದರೆ ಎಷ್ಟೋ, ನಿಮ್ಮ ಪ್ರೀಆಂಪಿನ ಸದ್ದು ಅಷ್ಟು. ಜಗತ್ತಿನ ಅತ್ಯುತ್ತಮ ಪ್ರೀಆಂಪ್ ಹಾಕಿದರೂ ಅದು 20ಕ್ಕೆ ಇಳಿಯಬಹುದು. ಮೂರು ಡಿಬಿಗೆ ಅರವತ್ತು ಸಾವಿರ. ಒಂದು ಡಿಬಿಗೆ ಇಪ್ಪತ್ತು ಸಾವಿರ ಬಿತ್ತು.

ಬಾಬಾಬುಡನ್_ಬ್ಲೂಸ್
ರಾಮಣ್ಣ, ಒಂದು ತಪ್ಪು ಆಗಿದೆ. ಸ್ಕಾರ್ಲೆಟ್‌ನ 128 ‘ಎ ವೇಯ್ಟೆಡ್’ ಲೆಕ್ಕ. ಕಿವಿಗೆ ಕಡಿಮೆ ಕೇಳುವ ಭಾಗವನ್ನು ಕಳೆದು ಅಳೆದದ್ದು. ಹಾಗೆ ಅಳೆದರೆ ಎರಡು ಡಿಬಿಯಷ್ಟು ಚೆನ್ನಾಗಿ ಕಾಣುತ್ತದೆ. ರೆಸಿಸ್ಟರಿನ 131 ಹಾಗೆ ಕಳೆಯದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ರೆಸಿಸ್ಟರ್_ರಾಮಣ್ಣ
ಸರಿ, ಒಪ್ಪಿದೆ. ಹಾಗಾದರೆ ಮೂರಲ್ಲ, ಐದು ಡಿಬಿ ಅಂತಿಟ್ಟುಕೊಳ್ಳಿ. ಡಿಬಿಗೆ ಹನ್ನೆರಡು ಸಾವಿರ. ರಿಯಾಯಿತಿ ಸಿಕ್ಕಿತು.

ಮತ್ತೆ ಹೆಂಚಿನ ಮನೆಯವರೇ, ಒಂದು ಪ್ರಶ್ನೆ. ಮೈಕ್ ಅಜ್ಜಿಯ ಬಾಯಿಂದ ಎಷ್ಟು ದೂರ ಇದೆ?

ಹೆಂಚಿನ_ಮನೆ
ಎರಡಡಿ ಇರಬಹುದು. ಹತ್ತಿರ ಇಟ್ಟರೆ ಅಜ್ಜಿ ಹಾಡುವುದೇ ಇಲ್ಲ. “ಅದೇನೋ ಕರೀ ಸೋರೆಕಾಯಿ, ಬಾಯಿಗೆ ಹಿಡೀತಾನೆ” ಅಂತ ಮುಖ ತಿರುಗಿಸುತ್ತಾರೆ.

ಕಡೂರು_ಎಕ್ಸ್‌ಪ್ರೆಸ್
ಕರೀ ಸೋರೆಕಾಯಿ! ಇನ್ನು ಮೇಲೆ ಆ ಮೈಕಿಗೆ ಅದೇ ಹೆಸರು.

ರೆಸಿಸ್ಟರ್_ರಾಮಣ್ಣ
ಸಿಕ್ಕಿತು ನೋಡಿ ಕಳ್ಳ. ದೂರ ಅರ್ಧ ಆದರೆ ಆರು ಡಿಬಿ ಲಾಭ. ಎರಡಡಿಯಿಂದ ಒಂದಡಿಗೆ ಆರು, ಒಂದಡಿಯಿಂದ ಅರ್ಧ ಅಡಿಗೆ ಇನ್ನೂ ಆರು. ಒಟ್ಟು ಹನ್ನೆರಡು ಡಿಬಿ, ಪುಕ್ಕಟೆ. ಆ ಮೈಕನ್ನು ಮಾಡಿರುವುದೇ ಬಾಯಿ ಹತ್ತಿರ ಇಟ್ಟು ಮಾತಾಡುವವರಿಗೆ.

ಸಾಲಗಾಮೆ_ಸೌಂಡ್
ಹತ್ತಿರ ತರುವುದು ಸರಿ. ಆದರೆ ರಾಮಣ್ಣನವರ ಲೆಕ್ಕ ಬರೀ ಸದ್ದಿನದು. ಪ್ರೀಆಂಪ್ ಅಂದರೆ ಸದ್ದು ಮಾತ್ರ ಅಲ್ಲವಲ್ಲ. ಗೇನ್ 70, 80 ಡಿಬಿ ತನಕ ಹೋದರೂ ಉಸಿರುಗಟ್ಟಬಾರದು. ಜೋರಾಗಿ ಹೊಡೆದರೆ ಒಡೆಯಬಾರದು. ತಮಟೆ, ಡೊಳ್ಳು ರೆಕಾರ್ಡ್ ಮಾಡಿ ನೋಡಿ ಒಮ್ಮೆ. ಅಗ್ಗದ ಡಬ್ಬಿಯಲ್ಲಿ ಕೆಂಪು ದೀಪ ಹತ್ತಿದ ಕ್ಷಣ ಮುಗಿಯಿತು, ಗಾಜು ಒಡೆದ ಹಾಗೆ. ಟ್ರಾನ್ಸ್‌ಫಾರ್ಮರ್ ಇರುವುದರಲ್ಲಿ ಅದೇ ಪೆಟ್ಟು ಮೆತ್ತಗೆ ಮಡಚಿಕೊಳ್ಳುತ್ತದೆ. ಇನ್ನೊಂದು, ಗುಂಡಿ ಮೆಟ್ಟಿಲು ಮೆಟ್ಟಿಲಾಗಿ ತಿರುಗುತ್ತದೆ. ಇವತ್ತು 45ರಲ್ಲಿ ರೆಕಾರ್ಡ್ ಮಾಡಿ ಆರು ತಿಂಗಳ ನಂತರ ಅದೇ 45ಕ್ಕೆ ಬರಬಹುದು.

ಅರ್ಧ_ಕಪ್
ಗೇನಿನ ಮಾತಿಗೆ: ಸ್ಕಾರ್ಲೆಟ್ 2ಐ2 ನಾಲ್ಕನೇ ತಲೆಮಾರಿನಲ್ಲಿ 69 ಡಿಬಿ ಬಂದುಬಿಟ್ಟಿದೆ. ಮೂರನೆಯದರಲ್ಲಿ 56 ಇತ್ತು. ಅಂದರೆ ಎಸ್‌ಎಂ7ಬಿ ಇಟ್ಟುಕೊಂಡವರ ಗೋಳು ಅವರಿಗೂ ತಲುಪಿದೆ. ಈಗ ಗೇನ್ ಸಿಗದೆ ದುಬಾರಿ ಪ್ರೀಆಂಪ್ ತಗೊಳ್ಳುವ ಕಾಲ ಹೋಯಿತು.

ಹೊಸಬ_22
ಕ್ಲೌಡ್‌ಲಿಫ್ಟರ್ ಹಾಕಿದರೆ ಆಗಲ್ವಾ? ಯೂಟ್ಯೂಬಿನಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ.

ರೆಸಿಸ್ಟರ್_ರಾಮಣ್ಣ
ಆಗುತ್ತದೆ. ಮೈಕಿಗೂ ಡಬ್ಬಿಗೂ ನಡುವೆ ಕೂತು, ಡಬ್ಬಿ ಮೈಕ್ ಕೇಬಲ್ಲಿನಲ್ಲೇ ಕಳಿಸುವ 48 ವೋಲ್ಟ್ ಫ್ಯಾಂಟಮ್ ಪವರ್ ತಗೊಂಡು ಸುಮಾರು 25 ಡಿಬಿ ಗೇನ್ ಕೊಡುತ್ತದೆ. ಫೆಟ್‌ಹೆಡ್ ಅಂತ ಇನ್ನೊಂದಿದೆ, ಅದೂ ಅದೇ ಕೆಲಸ. ಆದರೆ ಗೇನ್ ಬೇರೆ, ಸದ್ದು ಬೇರೆ. ಇಂಟರ್ಫೇಸಿನ ಪ್ರೀಆಂಪ್ ನಿಜಕ್ಕೂ ಗಲಾಟೆಯದಾಗಿದ್ದರೆ ಸಹಾಯ ಆಗುತ್ತದೆ. ಅದು ಮೊದಲೇ ಮೈನಸ್ 128ರದ್ದಾದರೆ, ಮುಂದೆ ಇನ್ನೊಂದು ಕುದುರೆ ಕಟ್ಟಿದ ಹಾಗೆ. ಗಾಡಿ ಎಷ್ಟು ಕಿರುಗುಟ್ಟುತ್ತಿತ್ತೋ ಅಷ್ಟೇ ಕಿರುಗುಟ್ಟುತ್ತದೆ.

ಹೊಸಬ_22
ಫ್ಯಾಂಟಮ್ ಹಾಕಿದರೆ ಎಸ್‌ಎಂ7ಬಿ ಥರದ ಸುರುಳಿಯ ಡೈನಮಿಕ್ ಮೈಕ್ ಸುಟ್ಟುಹೋಗುತ್ತೆ ಅಂತ ನಮ್ಮ ಆರ್ಕೆಸ್ಟ್ರಾದ ಅಣ್ಣ ಹೇಳಿದ್ದರು.

ಬಾಬಾಬುಡನ್_ಬ್ಲೂಸ್
ಸರಿಯಾದ ಎಕ್ಸ್‌ಎಲ್‌ಆರ್, ಅಂದರೆ ಮೂರು ಪಿನ್ನಿನ ಮೈಕ್ ಕೇಬಲ್ ಇದ್ದರೆ ಏನೂ ಆಗುವುದಿಲ್ಲ. ಎರಡೂ ತಂತಿಗೆ ಒಂದೇ ವೋಲ್ಟೇಜ್ ಹೋಗುತ್ತದೆ, ಸುರುಳಿಯಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಹಳೇ ರಿಬ್ಬನ್ ಮೈಕ್ ಇದ್ದರೆ ಮಾತ್ರ ಹುಷಾರು. ಅದಿರಲಿ, ಈ 48 ವೋಲ್ಟ್ ಎಲ್ಲಿಂದ ಬಂತು ಗೊತ್ತಾ? 1966ರಲ್ಲಿ ನಾರ್ವೆಯ ರೇಡಿಯೋದವರಿಗೆ ನ್ಯೂಮನ್ ಕಂಪನಿ ಮೈಕ್ ಮಾಡಿಕೊಡುವಾಗ, ಅವರ ಸ್ಟುಡಿಯೋದಲ್ಲಿ ತುರ್ತು ದೀಪಕ್ಕೆ ಅಂತ 48 ವೋಲ್ಟ್ ಮೊದಲೇ ಇತ್ತಂತೆ. ಅದನ್ನೇ ಬಳಸಿದರು. ಅವರ ಕತ್ತಲೆಯ ದೀಪದ ವೋಲ್ಟೇಜು ಇವತ್ತು ಆಲ್ದೂರಿಗೂ ಬಂದಿದೆ.

ಕಡೂರು_ಎಕ್ಸ್‌ಪ್ರೆಸ್
ಆಲ್ದೂರಿಗೆ ಮಳೆಗಾಲದಲ್ಲಿ 230 ವೋಲ್ಟೇ ಸರಿಯಾಗಿ ಬರುವುದಿಲ್ಲ, 48 ಬಂತಂತೆ.

ಹೆಂಚಿನ_ಮನೆ
ಕರೆಂಟ್ ಮಾತು ಬಂತಲ್ಲ, ಇನ್ನೊಂದು ಹೇಳಲು ಮರೆತೆ. ‘ಸ್ಸ್ಸ್’ ಜೊತೆಗೆ ‘ಗುಂಯ್’ ಅಂತಲೂ ಬರುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಮೇಲಿದ್ದಾಗ ಜಾಸ್ತಿ. ಲ್ಯಾಪ್‌ಟಾಪ್ ಮೇಲೆ ಕೈ ಇಟ್ಟರೆ ಜುಮ್ಮೆನ್ನುತ್ತದೆ.

ರೆಸಿಸ್ಟರ್_ರಾಮಣ್ಣ
ಇದನ್ನು ಮೊದಲೇ ಹೇಳಬಾರದಾ ಮಾರಾಯರೇ! ಅರ್ಧ ದಿನ ಲೆಕ್ಕ ಹಾಕಿಸಿದಿರಿ.

‘ಸ್ಸ್ಸ್’ ಪ್ರೀಆಂಪಿನದು, ‘ಗುಂಯ್’ ಮನೆಯದು. ನಮ್ಮ ಕರೆಂಟ್ 50 ಹರ್ಟ್ಜ್. ಅದರ ಗುಂಯ್ 50, 100, 150ರಲ್ಲಿ ಬರುತ್ತದೆ. ಕೆಲವು ಇನ್ವರ್ಟರ್ ಕೊಡುವುದು ಚೌಕಾಕಾರದ ಅಲೆ, ಅದರ ಗಲಾಟೆ ಇನ್ನೂ ಮೇಲಿನ ತನಕ ಹತ್ತುತ್ತದೆ. ಕೈ ಜುಮ್ಮೆಂದರೆ ಲ್ಯಾಪ್‌ಟಾಪಿಗೆ ಅರ್ಥಿಂಗ್ ಸಿಗುತ್ತಿಲ್ಲ ಅಂತ ಅರ್ಥ. ಚಾರ್ಜರಿಗೆ ಎರಡು ಪಿನ್ನೋ ಮೂರೋ?

ಹೆಂಚಿನ_ಮನೆ
ಎರಡು.

ಹೊಸಬ_22
ನನ್ನದು ಮೂರು ಪಿನ್, ನಾನು ಅರ್ಥ್ ಪಿನ್ ಕಿತ್ತು ಹಾಕಿದೆ, ಗುಂಯ್ ನಿಂತುಹೋಯಿತು. ಅವರೂ...

ಅರ್ಧ_ಕಪ್
ಅಯ್ಯೋ ಬೇಡಪ್ಪ! ಅರ್ಥ್ ಪಿನ್ ಯಾರೂ ಕೀಳಬೇಡಿ. ಮೈಕಿನ ಮುಂದೆ ಕೂರುವವರು ಎಂಬತ್ತು ದಾಟಿದ ಅಜ್ಜಿ.

ರೆಸಿಸ್ಟರ್_ರಾಮಣ್ಣ
22, ಇವತ್ತೇ ಹೊಸ ಪ್ಲಗ್ ಹಾಕಿಸು. ಪಾಠ ಆಮೇಲೆ ಮಾಡುತ್ತೇನೆ.

ಹೆಂಚಿನ ಮನೆಯವರೇ, ಮೂರು ಪರೀಕ್ಷೆ ಮಾಡಿ. ಮೊದಲು ಚಾರ್ಜರ್ ಕಿತ್ತು ಬರೀ ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ. ಗುಂಯ್ ಹೋಯಿತಾ ನೋಡಿ. ಆಮೇಲೆ ಗೇನ್ ಹಾಗೇ ಇಟ್ಟು ಮೈಕ್ ಕೇಬಲ್ ಕಿತ್ತು ಒಂದು ನಿಮಿಷ ಖಾಲಿ ರೆಕಾರ್ಡ್ ಮಾಡಿ, ಮೈಕ್ ಹಾಕಿ ಅಜ್ಜಿ ಇಲ್ಲದೆ ಇನ್ನೊಂದು ನಿಮಿಷ. ಖಾಲಿ ಇದ್ದಾಗಿನದು ತೀರಾ ಕರಾರುವಾಕ್ಕಲ್ಲ. ಸರಿಯಾಗಿ ಅಳೆಯಲು ಮೈಕ್ ಬದಲು 150 ಓಮ್ ರೆಸಿಸ್ಟರ್ ಬೆಸೆದ ಪ್ಲಗ್ ಬೇಕು. ಬೇಕಿದ್ದರೆ ಮಾಡಿ ಕಳಿಸುತ್ತೇನೆ. ಆದರೂ ಮೈಕ್ ಹಾಕಿದ ನಿಮಿಷದಲ್ಲಿ ಸದ್ದು ಬಹಳ ಜಾಸ್ತಿ ಇದ್ದರೆ ಅದು ನಿಮ್ಮ ಮನೆಯದು, ಪ್ರೀಆಂಪಿನದಲ್ಲ. ಮೂರನೆಯದು, ಹಳೇ ಮನೆಯ ಅರ್ಥಿಂಗ್ ಗುಂಡಿ ಎಲ್ಲಿದೆ ನೋಡಿ. ಬೇಸಿಗೆಯಲ್ಲಿ ಒಣಗಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ, ಇದ್ದಿಲು ಉಪ್ಪು ತುಂಬಿಸಿ ನೀರು ಹಾಕಿಸಿ.

ಮೃದಂಗಪ್ರಿಯ
ತಡವಾಗಿ ಬಂದೆ. ನಮ್ಮದು ಅರಕಲಗೂಡು ಕಡೆ, ರುದ್ರಪಟ್ಟಣದ ಹತ್ತಿರ. ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ತಂಬೂರಿ ಆಕಾರದ ದೇವಸ್ಥಾನ ಇರುವ ಊರು ಅಂದರೆ ಎಲ್ಲರಿಗೂ ಗೊತ್ತು. ಅಲ್ಲಿ ಬೆಳೆದವರಿಗೆ ಶ್ರುತಿಯ ಹುಚ್ಚು ತಪ್ಪಿದ್ದಲ್ಲ.

ನಾನು ಹೇಳುವುದು ಬೇರೆ. ಪ್ರೀಆಂಪ್ ಬಿಡಿ, ಕೋಣೆ ನೋಡಿ. ಚಿಕ್ಕವನಿದ್ದಾಗ ಹಾಸನ ಆಕಾಶವಾಣಿಗೆ ಮಕ್ಕಳ ಕಾರ್ಯಕ್ರಮಕ್ಕೆ ಹೋಗಿದ್ದೆ. ದಪ್ಪ ಬಾಗಿಲು ಮುಚ್ಚಿದ ಮೇಲೆ ನನ್ನ ಉಸಿರು ನನಗೇ ಕೇಳಿತು. ಅಂಥ ಮೌನವನ್ನು ಅದಕ್ಕೂ ಮೊದಲು ಕೇಳಿರಲಿಲ್ಲ. ಹೆದರಿ ಚರಣ ಮರೆತೆ, ಅದು ಬೇರೆ ಕಥೆ. ಆಮೇಲೆ ಮನೆಯಲ್ಲಿ ಮೃದಂಗ ರೆಕಾರ್ಡ್ ಮಾಡಲು ಹೋದಾಗ ಗೊತ್ತಾಯಿತು, ನಮ್ಮ ಮನೆ ಎಷ್ಟು ಗಲಾಟೆ ಮಾಡುತ್ತದೆ ಅಂತ. ಫ್ರಿಜ್, ಫ್ಯಾನು, ಪಕ್ಕದ ಮನೆಯ ಮಿಕ್ಸಿ. ಬರಿಗೋಡೆಗೆ ಬಡಿದು ಬರುವ ಪ್ರತಿಧ್ವನಿ. ಯಾವ ಪ್ರೀಆಂಪೂ ಅದನ್ನು ತೆಗೆಯುವುದಿಲ್ಲ. ದುಬಾರಿಯದಾದರೆ ಇನ್ನೂ ನೀಟಾಗಿ ಕೇಳಿಸುತ್ತದೆ, ಅಷ್ಟೇ.

ಕಾಫಿ ತುಂಬುವ ಗೋಣಿಚೀಲ ಇದೆಯಲ್ಲ, ಒಂದರ ಮೇಲೊಂದು ನಾಲ್ಕು ಪದರ ಮಾಡಿ ಅಜ್ಜಿಯ ಹಿಂದೆ ಕಂಬಳಿ ಜೊತೆ ತೂಗು ಹಾಕಿ. ಹಾಸಿಗೆ ಇದ್ದರೆ ಇನ್ನೂ ವಾಸಿ.

ಸಾಲಗಾಮೆ_ಸೌಂಡ್
ಕೋಣೆ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ.

ಪ್ರಾಮಾಣಿಕವಾಗಿ ಇನ್ನೊಂದು ಹೇಳಬೇಕು. ಹೋದ ವರ್ಷ ಐದು ಜನ ಸ್ನೇಹಿತರನ್ನು ಕೂರಿಸಿ ಕಣ್ಣುಮುಚ್ಚಾಲೆ ಪರೀಕ್ಷೆ ಮಾಡಿದೆ. ಒಂದೇ ಮೈಕನ್ನು ಸ್ಪ್ಲಿಟರಿನಲ್ಲಿ ಎರಡು ಕಡೆ ಕಳಿಸಿ, ಒಂದು ಹಳೇ ಅಗ್ಗದ ಡಬ್ಬಿಗೆ, ಇನ್ನೊಂದು ನನ್ನ 1073 ಮಾದರಿಗೆ. ಮೊದಲ ಸಲ ಐದೂ ಜನ ದುಬಾರಿಯದನ್ನೇ ಹಿಡಿದರು. ನನಗೆ ಖುಷಿಯೋ ಖುಷಿ. ಆಮೇಲೆ ನೋಡಿದರೆ ಅದು ಸ್ವಲ್ಪ ಜೋರಾಗಿತ್ತು. ಒಂದು ಡಿಬಿ ಕೂಡ ಇರಲಿಲ್ಲ. ಜೋರಾಗಿದ್ದದ್ದು ಚೆನ್ನಾಗಿದೆ ಅನಿಸುತ್ತದೆ, ಕಿವಿಯ ಗುಣ ಅದು. ಎರಡನ್ನೂ ಸರಿಸಮ ಮಾಡಿ ಮತ್ತೆ ಹಾಕಿದೆ. ಇಬ್ಬರು ಇದು ಅಂದರು, ಇಬ್ಬರು ಅದು ಅಂದರು, ಒಬ್ಬ ಊಟ ಯಾವಾಗ ಅಂದ.

ಕಡೂರು_ಎಕ್ಸ್‌ಪ್ರೆಸ್
ಕೊನೆಯವನು ನಮ್ಮ ಕಡೂರಿನವನೇ ಇರಬೇಕು.

ರೆಸಿಸ್ಟರ್_ರಾಮಣ್ಣ
ಸಾಲಗಾಮೆಯವರೇ, ಇದನ್ನು ಮೊದಲ ಉತ್ತರದಲ್ಲೇ ಬರೆಯಬಹುದಿತ್ತು.

ಸಾಲಗಾಮೆ_ಸೌಂಡ್
ಬರೆಯಬಹುದಿತ್ತು. ಆದರೆ ಗೇನ್ ಜೋರು ಮಾಡಿ ಟ್ರಾನ್ಸ್‌ಫಾರ್ಮರಿಗೆ ಬಿಸಿ ಮುಟ್ಟಿಸಿದಾಗ ಐದೂ ಜನ ಗುರುತಿಸಿದರು, ಅದನ್ನೂ ಬರೆದುಕೊಳ್ಳಿ. ನಾನು ಮಾರುವುದಿಲ್ಲ ಅದನ್ನು. ನನಗೆ ಆ ಬಣ್ಣ ಬೇಕು.

ರೆಸಿಸ್ಟರ್_ರಾಮಣ್ಣ
ಬಣ್ಣ ಬೇಕು ಅಂದರೆ ಜಗಳವೇ ಇಲ್ಲ. ಒಂದು ಮಾತು ನಾನೂ ದುಬಾರಿಯ ಪರವಾಗಿ ಹೇಳುತ್ತೇನೆ. ಅಂಗಡಿಗೆ ರಿಪೇರಿಗೆ ಬಂದಾಗ, ಬಿಡಿಬಿಡಿ ಟ್ರಾನ್ಸಿಸ್ಟರಿನ ಹಳೇ ವಿನ್ಯಾಸವನ್ನು ಬಿಚ್ಚಿ ಸರಿ ಮಾಡಬಹುದು. ಕೆಪಾಸಿಟರ್ ಬದಲಿಸಿದರೆ ಇನ್ನಿಪ್ಪತ್ತು ವರ್ಷ. ಅಗ್ಗದ ಡಬ್ಬಿಯ ಬೋರ್ಡಿನಲ್ಲಿ ಎಲ್ಲ ಸಾಸಿವೆ ಕಾಳಿನಷ್ಟು ಚಿಕ್ಕ ಬಿಡಿಭಾಗ. ಭೂತಗನ್ನಡಿ ಹಿಡಿದು ಹುಡುಕಿ ಸರಿ ಮಾಡಿದರೆ ಕೂಲಿ ಡಬ್ಬಿಯ ಬೆಲೆ ಮೀರುತ್ತದೆ.

ಅರ್ಧ_ಕಪ್
ಒಬ್ಬರೂ ಮೈಕ್ ಬದಲಿಸುವ ಮಾತು ಆಡಲಿಲ್ಲ. ಅಜ್ಜಿಗೆ ಸೋರೆಕಾಯಿ ಹತ್ತಿರ ಬೇಡ ಅಂದರೆ, ಸಣ್ಣ ಸದ್ದನ್ನೂ ಜೋರಾಗಿ ಹಿಡಿಯುವ ಕಂಡೆನ್ಸರ್ ಮೈಕ್ ಇಡಿ. ಎಟಿ2020 ಅನ್ನುವ ಕಂಡೆನ್ಸರ್ ಅದೇ 94 ಡಿಬಿಗೆ 14.1 ಮಿಲಿವೋಲ್ಟ್ ಕೊಡುತ್ತದೆ. ಎಸ್‌ಎಂ7ಬಿಗಿಂತ 22 ಡಿಬಿ ಜೋರು. ಅಗ್ಗದ ಡಬ್ಬಿಯ ಗುಂಡಿ ಅರ್ಧಕ್ಕೇ ಸಾಕಾಗುತ್ತದೆ. ರೋಡ್ ಎನ್‌ಟಿ1 ಆದರೆ ಮೈಕಿನ ಸ್ವಂತ ಸದ್ದು ಬರೀ ನಾಲ್ಕು ನಾಲ್ಕೂವರೆ ಡಿಬಿ. ಮೇಲೆ ರಾಮಣ್ಣ ಹಾಕಿದ 23ರ ಲೆಕ್ಕದ ಪಕ್ಕ ಇಟ್ಟು ನೋಡಿ. ಅರವತ್ತು ಸಾವಿರದಲ್ಲಿ ಎನ್‌ಟಿ1 ತಗೊಂಡು ಇನ್ನೂ ದುಡ್ಡು ಉಳಿಯುತ್ತದೆ.

ಮೃದಂಗಪ್ರಿಯ
ಮೇಡಂ, ಕಂಡೆನ್ಸರ್ ಇಟ್ಟರೆ ಜೀರುಂಡೆಯೂ ಹಾಡುತ್ತದೆ, ಹೆಂಚಿನ ಮೇಲೆ ಓಡಾಡುವ ಅಳಿಲೂ ಬರುತ್ತದೆ.

ಅರ್ಧ_ಕಪ್
ಬರಲಿ ಬಿಡಿ. ಮಲೆನಾಡಿನ ಅಜ್ಜಿ ಹಾಡುವಾಗ ಜೀರುಂಡೆ ಇಲ್ಲದಿದ್ದರೇ ಸುಳ್ಳು ಅನಿಸುತ್ತದೆ.

ಬಾಬಾಬುಡನ್_ಬ್ಲೂಸ್
ಕಂಡೆನ್ಸರ್ ತಗೊಂಡರೆ ಜೂನ್ ಬರುವ ಮುಂಚೆ ಒಂದು ಗಾಳಿಯಾಡದ ಡಬ್ಬ ತಗೊಳ್ಳಿ. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಮೈಕಿನ ಒಳಗಿನ ತೆಳು ಪೊರೆಗೆ ತೇವ ಕೂತರೆ ಚಟಪಟ ಅನ್ನುತ್ತದೆ, ಬೆಂಕಿಗೆ ಹಸಿ ಸೌದೆ ಹಾಕಿದ ಹಾಗೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಹೊಸಬ_22
ಅಕ್ಕಿ ಡಬ್ಬದಲ್ಲಿ ಇಟ್ಟರೆ?

ಬಾಬಾಬುಡನ್_ಬ್ಲೂಸ್
ಬೇಡ. ಧೂಳು, ಜೊತೆಗೆ ನುಸಿ. ಅಮ್ಮ ಅನ್ನಕ್ಕೆ ಅಕ್ಕಿ ಅಳೆಯುವಾಗ ಮೈಕ್ ಸಿಗುತ್ತದೆ.

ಹೆಂಚಿನ_ಮನೆ
ಮೂರು ದಿನ ಬರಲಿಲ್ಲ, ಕ್ಷಮಿಸಿ. ತೋಟದಲ್ಲಿ ಕೆಲಸ ಇತ್ತು. ಎಲ್ಲ ಪರೀಕ್ಷೆ ಮಾಡಿದೆ.

ಚಾರ್ಜರ್ ಕಿತ್ತ ತಕ್ಷಣ ಗುಂಯ್ ನಿಂತಿತು. ಪೂರ್ತಿ. ನನಗೇ ನಂಬಲಾಗಲಿಲ್ಲ, ಮೂರು ಸಲ ಹಾಕಿ ಕಿತ್ತು ನೋಡಿದೆ. ಮೈಕ್ ಇಲ್ಲದೆ ರೆಕಾರ್ಡ್ ಮಾಡಿದಾಗ ಸದ್ದು ತೀರಾ ಕಮ್ಮಿ. ಮೈಕ್ ಹಾಕಿದಾಗ ಬಹಳ ಜಾಸ್ತಿ. ಹುಡುಕಿದರೆ ಹಜಾರದ ಆಚೆ ಅಡುಗೆಮನೆಯಲ್ಲಿ ಫ್ರಿಜ್. ಅದನ್ನು ಅರ್ಧ ಗಂಟೆ ಆರಿಸಿದೆವು. ಅಮ್ಮ ಬೈದರು. ಅರ್ಥಿಂಗ್ ಗುಂಡಿಯ ಮೇಲೆ ನಾವು ತುಳಸಿ ಕಟ್ಟೆ ಕಟ್ಟಿಬಿಟ್ಟಿದ್ದೇವೆ ಅಂತ ಈಗ ಗೊತ್ತಾಯಿತು, ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಂಡು ಬೇರೆ ಜಾಗ ನೋಡುತ್ತೇನೆ ಅಂದಿದ್ದಾನೆ.

ಇನ್ನು ಮೈಕ್. ಮುಂದೆ ಇಟ್ಟರೆ ತಾನೆ ಅಜ್ಜಿಗೆ ತೊಂದರೆ? ಕೆಳಗಿನಿಂದ, ಎದೆಯ ಮಟ್ಟದಲ್ಲಿ, ಬಾಯಿ ಕಡೆಗೆ ಮುಖ ಮಾಡಿ ಇಟ್ಟೆ. ಮೇಲೆ ಒಂದು ಹಳೇ ವಸ್ತ್ರ ಹೊದಿಸಿದೆ. ಮುಕ್ಕಾಲು ಅಡಿ ದೂರ. ಬೀಸುವ ಪದಕ್ಕೆ ರಾಗಿಕಲ್ಲು ಇಲ್ಲದೆ ಲಯ ಬರಲ್ಲ ಅಂದರು, ಅಟ್ಟದಿಂದ ಇಳಿಸಿ ಮುಂದೆ ಇಟ್ಟೆ. ಖಾಲಿ ಕಲ್ಲು ತಿರುಗಿಸುತ್ತಾ ಹನ್ನೊಂದು ಪದ ಹಾಡಿದರು. ಮೈಕ್ ಇದ್ದದ್ದೇ ಮರೆತರು. ಗೇನ್ 50ರ ಹತ್ತಿರ ಸಾಕಾಯಿತು.

ರೆಸಿಸ್ಟರ್_ರಾಮಣ್ಣ
ರೆಕಾರ್ಡಿಂಗ್ ಮೀಟರಿನಲ್ಲಿ ಮಟ್ಟ ಎಷ್ಟಕ್ಕೆ ಬಂತು? ಅಲ್ಲಿ ಸೊನ್ನೆ ಅಂದರೆ ದನಿ ಒಡೆಯುವ ಗೆರೆ. ಮೈನಸ್ 18ರಿಂದ 12ರ ನಡುವೆ ಇದ್ದರೆ ಸಾಕು, 24 ಬಿಟ್ಟಿನಲ್ಲಿ ಆಮೇಲೆ ಏರಿಸಬಹುದು. ಕೆಂಪು ತನಕ ಎಳೆಯಬೇಡಿ.

ಹೆಂಚಿನ_ಮನೆ
ಮೈನಸ್ 20 ಹತ್ತಿರ, ಕೆಲವು ಕಡೆ 14. ‘ಸ್ಸ್ಸ್’ ಈಗಲೂ ಇದೆ, ಹೆಡ್‌ಫೋನ್ ಹಾಕಿ ಹುಡುಕಿದರೆ ಸಿಗುತ್ತದೆ. ಕಲ್ಲಿನ ಸದ್ದಿನಲ್ಲಿ ಮುಳುಗಿಹೋಗುತ್ತದೆ.

ಸಾಲಗಾಮೆ_ಸೌಂಡ್
ಸೋಬಾನೆಗೆ ಕಲ್ಲು ಇರುವುದಿಲ್ಲ ನೋಡಿ, ಅಲ್ಲಿ ಕೇಳಿಸುತ್ತದೆ. ಒಂದು ದಿನ ಅಜ್ಜಿಯನ್ನು ಕರೆದುಕೊಂಡು ಹಾಸನಕ್ಕೆ ಬನ್ನಿ. ನನ್ನ ರೂಮಿನಲ್ಲಿ ದುಬಾರಿಯದರಲ್ಲೂ ಒಂದು ಸಲ ಹಾಡಿಸೋಣ. ದುಡ್ಡು ಬೇಡ.

ಹೆಂಚಿನ_ಮನೆ
ಅಜ್ಜಿಗೆ ಹೇಳಿದೆ ಸಾರ್. “ಹಾಸನಾಂಬೆ ಬಾಗಿಲು ತೆಗೆದಾಗ ಹೋಗೋಣ, ಎರಡೂ ಆಗ್ತದೆ” ಅಂದರು. ಅಂದರೆ ದೀಪಾವಳಿ ಸುಮಾರಿಗೆ.

ಕಡೂರು_ಎಕ್ಸ್‌ಪ್ರೆಸ್
ಆ ಸಾಲಿನಲ್ಲಿ ನಿಂತು ದರ್ಶನ ಮುಗಿಸುವಷ್ಟರಲ್ಲಿ ಸ್ಕಾರ್ಲೆಟ್ ಐದನೇ ತಲೆಮಾರು ಬಂದಿರುತ್ತದೆ. ಅದಿರಲಿ, ಅರವತ್ತು ಸಾವಿರ ಏನಾಯಿತು?

ಹೆಂಚಿನ_ಮನೆ
ಹೆಂಚಿಗೆ ಹೋಯಿತು. ಮೊನ್ನೆಯ ಮಳೆಗೆ ರೆಕಾರ್ಡ್ ಮಾಡುವ ಕೋಣೆಯಲ್ಲೇ ಸೋರಿತು.